ಸೂಜಿ, ಸಿರಿಂಜ್, ಲಿವರ್: ಹೆಪಟೈಟಿಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾದಕ ವಸ್ತು ಚುಚ್ಚಿಕೊಳ್ಳುವವರು, ಹಿಂದೊಮ್ಮೆ ಚುಚ್ಚಿಕೊಂಡು ಈಗ ಬಿಟ್ಟಿರುವವರು, ಇವರಿಬ್ಬರ ಮನೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಚಟ ಬಿಡಿ ಎಂದು ಬುದ್ಧಿ ಹೇಳುವ ಪುಟ ಇದಲ್ಲ. ಆ ಕೆಲಸಕ್ಕೆ ನಿಮ್ಮ ಸುತ್ತ ಜನ ಸಾಕಷ್ಟಿರುತ್ತಾರೆ. ಬಿಟ್ಟರೂ ಬಿಡದಿದ್ದರೂ ಲಿವರ್ ಉಳಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ಮಾತು.

ಹೆಪಟೈಟಿಸ್ ಅಂದರೆ ಕಾಮಾಲೆ ತಾನೇ?

ಪೂರ್ತಿ ಹಾಗಲ್ಲ. ಲಿವರ್ ಊದಿಕೊಳ್ಳುವುದಕ್ಕೆ ಹೆಪಟೈಟಿಸ್ ಎನ್ನುತ್ತಾರೆ. ಕಣ್ಣು, ಮೂತ್ರ ಹಳದಿಯಾಗುವ ಕಾಮಾಲೆ ಅದರ ಒಂದು ಲಕ್ಷಣ ಮಾತ್ರ. ಲಿವರಿಗೆ ಬೀಳುವ ಮುಖ್ಯ ವೈರಸ್‌ಗಳು ಐದು. ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುತ್ತವೆ, ಸಾಮಾನ್ಯವಾಗಿ ತಾವಾಗಿಯೇ ಹೋಗುತ್ತವೆ. ಬಿ ಮತ್ತು ಸಿ ರಕ್ತದಿಂದ ಹರಡುತ್ತವೆ, ವರ್ಷಗಟ್ಟಲೆ ಒಳಗೇ ಉಳಿಯಬಲ್ಲವು. ಡಿ ಎಂಬುದು ಬಿ ಇದ್ದವರಿಗೆ ಮಾತ್ರ ಅಂಟುತ್ತದೆ. ಸಿರಿಂಜ್ ಬಳಸುವವರು ಮೊದಲು ಗಮನಿಸಬೇಕಾದದ್ದು ಸಿ, ಅದರ ಬೆನ್ನಿಗೇ ಬಿ. ತಮಾಷೆಯೆಂದರೆ, ಹೆಪಟೈಟಿಸ್ ಸಿ ಅಂಟಿದ ಹೆಚ್ಚಿನವರಿಗೆ ಕಾಮಾಲೆ ಕಾಣಿಸಿಕೊಳ್ಳುವುದೇ ಇಲ್ಲ.

ನಾನು ಚೆನ್ನಾಗೇ ಇದ್ದೀನಿ. ಊಟ ಸೇರುತ್ತೆ, ಕೆಲಸಕ್ಕೆ ಹೋಗ್ತೀನಿ. ಪರೀಕ್ಷೆ ಯಾಕೆ ಮಾಡಿಸಲಿ?

ಚೆನ್ನಾಗಿದ್ದೀರಿ ಎಂಬ ಕಾರಣಕ್ಕೇ ಮಾಡಿಸಬೇಕು. ಹೆಪಟೈಟಿಸ್ ಸಿ ಅಂಟಿದ 100 ಜನರಲ್ಲಿ ಸುಮಾರು 30 ಮಂದಿಯ ದೇಹ ಆರು ತಿಂಗಳೊಳಗೆ ತಾನೇ ವೈರಸ್ಸನ್ನು ಹೊರಹಾಕುತ್ತದೆ. ಉಳಿದ 70 ಮಂದಿಯಲ್ಲಿ ಅದು ಬೀಡುಬಿಡುತ್ತದೆ. ಹಾಗೆ ಬೀಡುಬಿಟ್ಟವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ 20 ವರ್ಷದೊಳಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುತ್ತದೆ. ಕುಡಿತ, ಎಚ್‌ಐವಿ ಅಥವಾ ಹೆಪಟೈಟಿಸ್ ಬಿ ಜೊತೆಗಿದ್ದರೆ ಇನ್ನೂ ಬೇಗ. ಇಷ್ಟು ಕಾಲ ದೇಹ ಏನೂ ಹೇಳುವುದಿಲ್ಲ. ಸ್ವಲ್ಪ ಸುಸ್ತು ಎನ್ನಿಸಬಹುದು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತವಾಂತಿಯಾಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಡಾಕ್ಟರ ಕೈಯಲ್ಲಿ ಮಾಡಲು ಉಳಿಯುವುದು ಕಡಿಮೆ.

ಇಲ್ಲಿ ಒಂದು ಗುಂಪನ್ನು ಎಲ್ಲರೂ ಮರೆಯುತ್ತಾರೆ. ಕಾಲೇಜಿನ ದಿನಗಳಲ್ಲಿ ನಾಲ್ಕಾರು ಸಲ ಚುಚ್ಚಿಕೊಂಡು ಬಿಟ್ಟು, ಈಗ ನಲವತ್ತು ದಾಟಿ, ಹೆಂಡತಿ ಮಕ್ಕಳು ಇಎಂಐ ಎಂದು ಬದುಕುತ್ತಿರುವವರು. ಅವರು ತಮ್ಮನ್ನು ‘ಡ್ರಗ್ಸ್ ತೆಗೆದುಕೊಳ್ಳುವವರು’ ಎಂದುಕೊಂಡೇ ಇರುವುದಿಲ್ಲ. ಜೀವನದಲ್ಲಿ ಒಂದೇ ಒಂದು ಸಲವಾದರೂ ಇನ್ನೊಬ್ಬರ ಜೊತೆ ಕೂತು ಚುಚ್ಚಿಕೊಂಡಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಇದು ಪಂಜಾಬ್, ಮಣಿಪುರದ ಕಥೆ ಅಲ್ಲವೇ? ಕರ್ನಾಟಕದಲ್ಲೂ ಇದೆಯಾ?

ಇದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ, 2019ರಲ್ಲಿ ಹೊರಬಂದ ಸಮೀಕ್ಷೆ ದೇಶದಲ್ಲಿ ಸುಮಾರು 8.5 ಲಕ್ಷ ಜನ ಮಾದಕ ವಸ್ತು ಚುಚ್ಚಿಕೊಳ್ಳುತ್ತಾರೆ ಎಂದು ಅಂದಾಜಿಸಿತು. ಇಂಥವರ ಸಂಖ್ಯೆ ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿ ಉತ್ತರ ಪ್ರದೇಶ, ಪಂಜಾಬ್, ದೆಹಲಿ, ಮಣಿಪುರ, ನಾಗಾಲ್ಯಾಂಡ್‌ಗಳ ಜೊತೆ ಕರ್ನಾಟಕದ ಹೆಸರೂ ಇತ್ತು.

ಊರಿಂದೂರಿಗೆ ಸರಕು ಬೇರೆ. ಮಣಿಪುರಕ್ಕೆ ಮ್ಯಾನ್ಮಾರ್ ಗಡಿ ದಾಟಿ ಹೆರಾಯಿನ್ ಬರತೊಡಗಿದ್ದು 1980ರ ದಶಕದಲ್ಲಿ. ಎಚ್‌ಐವಿ, ಹೆಪಟೈಟಿಸ್ ಸಿ ಅದರ ಹಿಂದೆಯೇ ಬಂದವು. ಬೆಂಗಳೂರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಡಾಕ್ಟರುಗಳು ನೋಡುತ್ತಿರುವುದು ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ ಚುಚ್ಚಿಕೊಳ್ಳುವ ಹುಡುಗರನ್ನು. ನುಂಗಲೆಂದು ಮಾಡಿದ ಮಾತ್ರೆ ಅದು. ಅದರೊಳಗಿನ ಪುಡಿ ನರಕ್ಕೆ ಹೋದರೆ ನರ ಕಟ್ಟಿಕೊಳ್ಳುತ್ತದೆ, ಶ್ವಾಸಕೋಶಕ್ಕೂ ಪೆಟ್ಟು. ‘ಮೆಡಿಕಲ್ ಸ್ಟೋರಿನ ಮಾತ್ರೆ ತಾನೇ, ಬ್ರೌನ್ ಶುಗರ್ ಅಲ್ಲವಲ್ಲ’ ಎಂಬ ಸಮಾಧಾನ ವೈರಸ್ಸಿಗೆ ತಿಳಿಯದು. ಭಾರತದ 15 ನಗರಗಳಲ್ಲಿ ಚುಚ್ಚಿಕೊಳ್ಳುವವರ ರಕ್ತ ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ನೂರಕ್ಕೆ ಸುಮಾರು 37 ಮಂದಿಯಲ್ಲಿ ಹೆಪಟೈಟಿಸ್ ಸಿ ಬಂದಿದ್ದ ಗುರುತು ಸಿಕ್ಕಿತು. ಅವರಲ್ಲಿ ಅದು ಮೊದಲೇ ಗೊತ್ತಿದ್ದವರು ತೀರಾ ಕಡಿಮೆ.

ನಾನು ಯಾವತ್ತೂ ಬೇರೆಯವರ ಸೂಜಿ ಮುಟ್ಟಿಲ್ಲ. ಆದರೂ ಬರುತ್ತಾ?

ಬರಬಹುದು. ಹೆಚ್ಚು ಜನ ಎಡವುವುದೇ ಇಲ್ಲಿ.

ಎಚ್‌ಐವಿ ಪ್ರಚಾರ ನಮ್ಮಲ್ಲಿ ಒಂದು ಪಾಠವನ್ನು ಚೆನ್ನಾಗಿ ಕಲಿಸಿದೆ: ಸೂಜಿ ಹಂಚಿಕೊಳ್ಳಬೇಡಿ. ಹುಡುಗರು ಅದನ್ನು ಪಾಲಿಸುತ್ತಾರೆ ಕೂಡ. ಮೂರು ಜನ ಕೂತಿದ್ದಾರೆ ಎನ್ನಿ, ಮೂರೂ ಹೊಸ ಸಿರಿಂಜ್, ಕವರ್ ಒಡೆದದ್ದು ಈಗಷ್ಟೇ. ಆದರೆ ಮಾತ್ರೆ ಪುಡಿ ಮಾಡಿ ಕಲಸಿದ್ದು ಒಂದೇ ಚಮಚದಲ್ಲಿ. ನೀರು ಒಂದೇ ಬಾಟಲಿಯ ಮುಚ್ಚಳದಿಂದ. ಸೋಸಲು ಇಟ್ಟ ಹತ್ತಿಯ ಉಂಡೆಯೂ ಒಂದೇ, ಮೂರು ಸೂಜಿಗಳೂ ಅದರೊಳಗೇ ಊರಿ ಎಳೆಯುತ್ತವೆ. ಮೊದಲನೆಯವನು ಚುಚ್ಚಿಕೊಂಡು, ಸಿರಿಂಜಿನಲ್ಲಿ ಉಳಿದದ್ದು ಹಾಳಾಗಬಾರದೆಂದು ಅದೇ ಮುಚ್ಚಳದ ನೀರು ಎಳೆದು ಕುಲುಕಿ ಮತ್ತೆ ಹಾಕಿಕೊಳ್ಳುತ್ತಾನೆ. ಆ ನೀರು ಈಗ ಅವನ ರಕ್ತದ ನೀರು. ಕಣ್ಣಿಗೆ ಕೆಂಪು ಕಾಣುವುದಿಲ್ಲ. ಎರಡನೆಯವನು ಅದೇ ಮುಚ್ಚಳಕ್ಕೆ ಸೂಜಿ ಅದ್ದುತ್ತಾನೆ. ತೋಳಿಗೆ ಬಿಗಿಯುವ ಪಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ತನಗೆ ತಾನೇ ಚುಚ್ಚಿಕೊಳ್ಳಲು ಬಾರದ ಮೂರನೆಯವನಿಗೆ ಇನ್ನೊಬ್ಬ ಹಾಕಿಕೊಡುತ್ತಾನೆ, ಅವನ ಹೆಬ್ಬೆರಳಿನ ಮೇಲೆ ತನ್ನದೇ ರಕ್ತದ ಕಲೆ. ಇಷ್ಟೆಲ್ಲ ಆದ ಮೇಲೆ ಮೂವರೂ ಹೇಳುವುದು ಒಂದೇ ಮಾತು: ‘ನಾವು ಸೂಜಿ ಶೇರ್ ಮಾಡಲ್ಲ.’

ಹೆಪಟೈಟಿಸ್ ಸಿ ವೈರಸ್ ಗಟ್ಟಿಜೀವ. ಪ್ರಯೋಗಾಲಯದಲ್ಲಿ ಸಿರಿಂಜಿನೊಳಗೆ 63 ದಿನದವರೆಗೂ ಬದುಕಿದ್ದುಂಟು. ಅದು ಎಷ್ಟು ಸುಲಭವಾಗಿ ಅಂಟುತ್ತದೆಂದು ತಿಳಿಯಲು ಆಸ್ಪತ್ರೆ ಸಿಬ್ಬಂದಿ ನೆನಪಿಟ್ಟುಕೊಳ್ಳುವ ಒಂದು ಲೆಕ್ಕ ಇದೆ. ಸೋಂಕಿರುವ ರಕ್ತದ ಸೂಜಿ ಒಮ್ಮೆ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೆ, ಸಿ ಹೆಚ್ಚೆಂದರೆ 3, ಎಚ್‌ಐವಿ 0.3. ಎಚ್‌ಐವಿ ಪರೀಕ್ಷೆ ನೆಗೆಟಿವ್ ಬಂತೆಂದು ನಿಶ್ಚಿಂತೆಯಿಂದಿರುವವರು ಈ ಮೂರು ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು.

ಹಾಗಾದರೆ ಏನು ಮಾಡಬೇಕು? ಸಿರಿಂಜ್ ಜೊತೆಗೆ ಚಮಚ, ನೀರು, ಹತ್ತಿ, ಪಟ್ಟಿ ಎಲ್ಲವೂ ನಿಮ್ಮದೇ ಇರಲಿ. ಸರಕು ಹಂಚಿಕೊಳ್ಳುವುದಾದರೆ ಕಲಸುವ ಮುಂಚೆ, ಪುಡಿಯಾಗಿದ್ದಾಗಲೇ ಹಂಚಿಕೊಳ್ಳಿ. ಕೈ ತೊಳೆಯಿರಿ. ನಿಮಗೆ ಬೇರೆಯವರು ಹಾಕಿಕೊಡುವುದಾದರೆ ಅವರು ತಮ್ಮದನ್ನು ಹಾಕಿಕೊಳ್ಳುವ ಮುಂಚೆಯೇ ನಿಮ್ಮದು ಮುಗಿಯಲಿ.

ಸಿರಿಂಜನ್ನು ಬಿಸಿನೀರು, ಡೆಟಾಲ್, ಬ್ಲೀಚ್‌ನಲ್ಲಿ ತೊಳೆದರೆ ಸಾಲದೇ?

ಬಿಸಿನೀರು, ಡೆಟಾಲ್ ನಂಬಬೇಡಿ. ಬ್ಲೀಚ್ ಸ್ವಲ್ಪ ವಾಸಿ, ಆದರೆ ಸಿರಿಂಜಿನ ಮೂಲೆಮೂಲೆಯಲ್ಲಿ ಉಳಿದ ರಕ್ತವನ್ನು ಅದು ಪೂರ್ತಿ ತಲುಪುತ್ತದೆ ಎಂಬ ಖಾತ್ರಿ ಇಲ್ಲ. ಬೇರೆ ದಾರಿಯೇ ಇಲ್ಲದಾಗ ಮಾಡುವ ಕೆಲಸ ಅದು. ಸೂಜಿ ಸಿರಿಂಜಿಗೇ ಅಂಟಿಕೊಂಡಿರುವ ಇನ್ಸುಲಿನ್ ಸಿರಿಂಜಿನಲ್ಲಿ ರಕ್ತ ಉಳಿಯುವ ಜಾಗ ಕಡಿಮೆ, ಸೂಜಿ ಬಿಚ್ಚಿ ಹಾಕುವ ದೊಡ್ಡ ಸಿರಿಂಜಿನಲ್ಲಿ ಜಾಸ್ತಿ. ಯಾವುದೇ ಆಗಲಿ, ಒಂದು ಸಲಕ್ಕೆ ಒಂದು.

ನಾನು ಚುಚ್ಚಿಕೊಳ್ಳಲ್ಲ, ಮೂಗಿನಲ್ಲಿ ಎಳೀತೀನಿ ಅಷ್ಟೆ.

ಅಪಾಯ ಕಡಿಮೆ, ಸೊನ್ನೆ ಅಲ್ಲ. ಮೂಗಿನ ಒಳಪದರ ಹರಿದು ಸಣ್ಣಗೆ ರಕ್ತ ಬರುತ್ತಿರುತ್ತದೆ. ಸುರುಳಿ ಸುತ್ತಿದ ನೋಟು, ಸ್ಟ್ರಾ ಕೈಬದಲಾಗದಿರಲಿ.

ಹಚ್ಚೆ, ಸಲೂನ್ ಬ್ಲೇಡಿನಿಂದ ಬರುತ್ತಾ?

ಹೊಸ ಸೂಜಿ ಹಾಕದೆ, ಶಾಯಿಯ ಬಟ್ಟಲು ಬದಲಿಸದೆ ಜಾತ್ರೆಯಲ್ಲೋ ಜೈಲಿನಲ್ಲೋ ಹಾಕಿಸಿಕೊಂಡ ಹಚ್ಚೆಯಿಂದ ಬರಬಹುದು. ಸಲೂನಿನಲ್ಲಿ ಬ್ಲೇಡ್ ಹೊಸದು ಹಾಕಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಮೆಡಿಕಲ್ ಸ್ಟೋರಿನವರು ಮುಖ ನೋಡಿ ಸಿರಿಂಜ್ ಕೊಡಲ್ಲ. ಹೊಸದು ಎಲ್ಲಿ ಸಿಗುತ್ತೆ?

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ನೆರವಿನಿಂದ ನಡೆಯುವ ಸ್ವಯಂಸೇವಾ ಸಂಸ್ಥೆಗಳು ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ, ಸಿರಿಂಜ್ ಉಚಿತವಾಗಿ ಕೊಡುತ್ತವೆ, ಬಳಸಿದ್ದನ್ನು ವಾಪಸ್ ಪಡೆಯುತ್ತವೆ. ಇವು ಎಲ್ಲ ಊರಲ್ಲೂ ಇಲ್ಲ. ಹತ್ತಿರದ್ದು ಯಾವುದೆಂದು 1097 ಸಹಾಯವಾಣಿಯಲ್ಲಿ ಕೇಳಬಹುದು, ಹೆಸರು ಹೇಳಬೇಕಾಗಿಲ್ಲ.

‘ಸಿರಿಂಜ್ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ’ ಎಂದು ಕೇಳುವವರಿದ್ದಾರೆ. ಸಿರಿಂಜ್ ಸಿಗದ ದಿನ ಯಾರೂ ಚುಚ್ಚಿಕೊಳ್ಳುವುದನ್ನು ಬಿಡುವುದಿಲ್ಲ, ಹಳೆಯದನ್ನೇ ಬಳಸುತ್ತಾರೆ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ 22ನೇ ಸೆಕ್ಷನ್, ಸೋಂಕಿನ ಅಪಾಯ ತಗ್ಗಿಸಲು ಮಾಡುವ ಇಂಥ ಕೆಲಸ ಅಪರಾಧವಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಎಸೆಯಬೇಡಿ. ಬೆಳಿಗ್ಗೆ ಆ ಚೀಲಕ್ಕೆ ಕೈ ಹಾಕುವವರು ಪೌರಕಾರ್ಮಿಕರು. ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು, ಸಂಸ್ಥೆಯವರಿಗೋ ಆಸ್ಪತ್ರೆಗೋ ಕೊಡಿ.

ಪರೀಕ್ಷೆ ಹೇಗಿರುತ್ತೆ?

ಹೆಪಟೈಟಿಸ್ ಸಿಗೆ ಎರಡು ಹಂತ. ಮೊದಲು ಆಂಟಿಬಾಡಿ (ವೈರಸ್ ವಿರುದ್ಧ ಹೋರಾಡಲು ದೇಹ ತಯಾರಿಸುವ ವಸ್ತು) ಪರೀಕ್ಷೆ: ಬೆರಳ ತುದಿಯ ಒಂದು ಹನಿ ರಕ್ತದಿಂದಲೂ ಮಾಡಬಹುದು, ಫಲಿತಾಂಶ ಅರ್ಧ ಗಂಟೆಯೊಳಗೆ. ಅದು ಪಾಸಿಟಿವ್ ಬಂದರೆ ವೈರಲ್ ಲೋಡ್ ಪರೀಕ್ಷೆ: ವೈರಸ್ ಈಗಲೂ ಒಳಗಿದೆಯೇ ಎಂದು ತಿಳಿಯಲು. ಇದಕ್ಕೆ ಸಾಮಾನ್ಯವಾಗಿ ನರದಿಂದ ರಕ್ತ ತೆಗೆಯಬೇಕು. ವರ್ಷಗಟ್ಟಲೆ ಚುಚ್ಚಿಕೊಂಡವರಿಗೆ ನರ ಸಿಗುವುದಿಲ್ಲ, ಲ್ಯಾಬಿನವರು ಹತ್ತು ಕಡೆ ಚುಚ್ಚಿ ಬೈಯುತ್ತಾರೆ, ಆ ಅವಮಾನಕ್ಕೆ ಹೆದರಿ ಮತ್ತೆ ಹೋಗುವುದೇ ಇಲ್ಲ. ಯಾವ ನರ ಸಿಗುತ್ತದೆಂದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೊದಲೇ ಹೇಳಿ, ತೋರಿಸಿ. ಹೋಗುವ ಮುಂಚೆ ನೀರು ಚೆನ್ನಾಗಿ ಕುಡಿಯಿರಿ.

ಸೋಂಕು ತಗುಲಿದ ಮೇಲೆ ಆಂಟಿಬಾಡಿ ಕಾಣಿಸಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯಬಹುದು. ಹೋದ ವಾರ ಅನುಮಾನದ ಸಂಗತಿ ನಡೆದಿದ್ದರೆ ಇವತ್ತಿನ ನೆಗೆಟಿವ್ ಕೊನೆಯ ಮಾತಲ್ಲ. ಚುಚ್ಚಿಕೊಳ್ಳುವುದು ಮುಂದುವರಿದಿದ್ದರೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಇರಲಿ.

ಆಂಟಿಬಾಡಿ ಪಾಸಿಟಿವ್, ವೈರಲ್ ಲೋಡ್ ಇಲ್ಲ ಅಂತ ಬಂದಿದೆ. ನನಗೆ ರೋಗ ಇದೆಯೋ ಇಲ್ಲವೋ?

ಇಲ್ಲ. ಹಿಂದೆ ಬಂದಿತ್ತು, ಈಗ ಹೋಗಿದೆ. ಆಂಟಿಬಾಡಿ ಮಾಯ್ದ ಗಾಯದ ಕಲೆಯಂತೆ, ಹಾಗೇ ಉಳಿಯುತ್ತದೆ. ಕೆಲಸಕ್ಕೋ ಆಪರೇಷನ್‌ಗೋ ಮುಂದೆ ಪರೀಕ್ಷೆ ಮಾಡಿದಾಗೆಲ್ಲ ಪಾಸಿಟಿವ್ ಎಂದೇ ಬರುತ್ತದೆ. ವೈರಲ್ ಲೋಡ್ ವರದಿಯ ಒಂದು ಪ್ರತಿ ಫೋನಿನಲ್ಲಿ ಇಟ್ಟುಕೊಂಡಿರಿ, ವಿವರಿಸುವ ತಾಪತ್ರಯ ತಪ್ಪುತ್ತದೆ.

ಚಿಕಿತ್ಸೆ ಇದೆಯಾ? ಲಕ್ಷಗಟ್ಟಲೆ ಆಗುತ್ತಂತೆ?

ಆಗುತ್ತಿತ್ತು. ಹೆಪಟೈಟಿಸ್ ಸಿ ವೈರಸ್ಸನ್ನು ಗುರುತಿಸಿದ್ದು 1989ರಲ್ಲಿ. ಅದಕ್ಕೆ ಕಾರಣರಾದ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು. ಬಹಳ ಕಾಲ ಇದ್ದ ಮದ್ದು ಇಂಟರ್‌ಫೆರಾನ್ ಇಂಜೆಕ್ಷನ್: ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಜ್ವರ, ಮೈಕೈ ನೋವು, ಖಿನ್ನತೆ. ಇಷ್ಟು ಅನುಭವಿಸಿದರೂ ಎಲ್ಲರಿಗೂ ಗುಣವಾಗುತ್ತಿರಲಿಲ್ಲ. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್ ಎಂಬ ಮಾತ್ರೆ ಬಂದಾಗ ಒಂದು ಮಾತ್ರೆಗೆ 1000 ಡಾಲರ್, 12 ವಾರದ ಕೋರ್ಸಿಗೆ 84,000 ಡಾಲರ್. ನೀವು ಕೇಳಿದ ಲಕ್ಷಗಳ ಕಥೆ ಅಲ್ಲಿಂದ ಬಂದದ್ದು. 2014ರಲ್ಲಿ ಭಾರತದ ಕೆಲವು ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಸಿಕ್ಕಿತು, ಬೆಲೆ ನೆಲಕ್ಕಿಳಿಯಿತು.

ಪಂಜಾಬ್ ಸರ್ಕಾರ 2016ರಲ್ಲಿ ಉಚಿತ ಚಿಕಿತ್ಸೆ ಶುರುಮಾಡಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ದೇಶಕ್ಕೆಲ್ಲ ತಂದಿತು. ಇದರಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸೋಫೋಸ್‌ಬುವಿರ್ ಮತ್ತು ಡಕ್ಲಟಾಸ್‌ವಿರ್, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದರೆ ಸೋಫೋಸ್‌ಬುವಿರ್ ಜೊತೆ ವೆಲ್ಪಟಾಸ್‌ವಿರ್, ಲಿವರ್ ತೀರಾ ಕೆಟ್ಟಿದ್ದರೆ ರಿಬಾವಿರಿನ್ ಸೇರಿಸುತ್ತಾರೆ ಅಥವಾ 24 ವಾರಕ್ಕೆ ಏರಿಸುತ್ತಾರೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲು ಹೆಚ್ಚಿನವರಿಗೆ ಮಾಮೂಲಿ ರಕ್ತ ಪರೀಕ್ಷೆ ಸಾಕು, ದೊಡ್ಡ ಸ್ಕ್ಯಾನಿಗೆ ಕಾಯಬೇಕಿಲ್ಲ. ಕೋರ್ಸ್ ಮುಗಿಸಿದವರಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಪೂರ್ತಿ ಗುಣ. ತಲೆನೋವು, ಸ್ವಲ್ಪ ಸುಸ್ತು ಬಿಟ್ಟರೆ ತೊಂದರೆ ಕಡಿಮೆ.

ಮಾತ್ರೆ ಮುಗಿದ 12 ವಾರದ ಮೇಲೆ ಮತ್ತೊಮ್ಮೆ ವೈರಲ್ ಲೋಡ್ ನೋಡುತ್ತಾರೆ. ಆಗಲೂ ಇಲ್ಲವೆಂದರೆ ಗುಣವಾಯಿತೆಂದೇ ಅರ್ಥ. ಈ ಕೊನೆಯ ಪರೀಕ್ಷೆಗೆ ಬಾರದೆ ತಪ್ಪಿಸಿಕೊಳ್ಳುವವರು ಬಹಳ.

‘ಮೊದಲು ಡ್ರಗ್ಸ್ ಬಿಟ್ಟು ಬಾ, ಆಮೇಲೆ ಮಾತ್ರೆ’ ಅಂತ ಡಾಕ್ಟರ್ ವಾಪಸ್ ಕಳಿಸಿದರು.

ಅದು ತಪ್ಪು. ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ. ಈಗಲೂ ಚುಚ್ಚಿಕೊಳ್ಳುತ್ತಿರುವವರಿಗೂ ಚಿಕಿತ್ಸೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿ ವರ್ಷಗಳಾದವು. ಚುಚ್ಚಿಕೊಳ್ಳುತ್ತಿದ್ದವರಿಗೇ ಮಾತ್ರೆ ಕೊಟ್ಟು ನೋಡಿದ ಅಧ್ಯಯನಗಳಲ್ಲೂ ಗುಣವಾದವರ ಪ್ರಮಾಣ ಉಳಿದವರಿಗೆ ಹತ್ತಿರ ಹತ್ತಿರವೇ ಇತ್ತು.

ಈ ‘ಮೊದಲು ಬಿಡು’ ಎಂಬ ಮಾತು ಇಂಟರ್‌ಫೆರಾನ್ ಕಾಲದ್ದು. ಆ ಇಂಜೆಕ್ಷನ್ ಮನಸ್ಸನ್ನು ಕದಡುತ್ತಿತ್ತು, ಆದ್ದರಿಂದ ಆಗ ಅದಕ್ಕೊಂದು ಕಾರಣವಾದರೂ ಇತ್ತು. ಔಷಧ ಬದಲಾಯಿತು, ಮಾತು ಬದಲಾಗಲಿಲ್ಲ. ಇನ್ನೊಂದು ಲೆಕ್ಕವನ್ನೂ ನೋಡಿ: ಇನ್ನೂ ಚುಚ್ಚಿಕೊಳ್ಳುತ್ತಿರುವ ಒಬ್ಬನಿಗೆ ಗುಣವಾದರೆ ಅವನ ಜೊತೆ ಕೂರುವವರಿಗೆ ಅವನಿಂದ ಹರಡುವುದು ಅಲ್ಲಿಗೇ ನಿಂತಿತು. ಬಿಟ್ಟವನಿಗೆ ಮಾತ್ರ ಕೊಟ್ಟರೆ ಆ ಲಾಭ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಮೈಸೂರು ಪಾಕ್ ಬಿಟ್ಟರೆ ಮಾತ್ರ ಇನ್ಸುಲಿನ್ ಎಂದು ಯಾರೂ ಹೇಳುವುದಿಲ್ಲವಲ್ಲ.

ವಾಪಸ್ ಕಳಿಸಿದರೆ ಅದೇ ಆಸ್ಪತ್ರೆಯ ಕೌನ್ಸೆಲರನ್ನು ಕಾಣಿ, ಅಥವಾ ಸಂಸ್ಥೆಯ ಕಾರ್ಯಕರ್ತರೊಬ್ಬರನ್ನು ಜೊತೆಗೆ ಕರೆದುಕೊಂಡು ಇನ್ನೊಮ್ಮೆ ಹೋಗಿ. ಒಬ್ಬರೇ ಹೋದಾಗ ತೆರೆಯದ ಬಾಗಿಲು ಇಬ್ಬರು ಹೋದಾಗ ತೆರೆಯುವುದುಂಟು.

ಮಾತ್ರೆ ತಗೊಳ್ಳುವಾಗ ಕುಡಿಯಬಹುದಾ? ಬೇರೆ ಔಷಧಿ ಇದ್ದರೆ?

ಕುಡಿದರೆ ಮಾತ್ರೆಯ ಶಕ್ತಿ ಹೋಗುವುದಿಲ್ಲ, ಲಿವರಿನ ಶಕ್ತಿ ಹೋಗುತ್ತದೆ. ಕುಡಿದ ದಿನವೂ ಮಾತ್ರೆ ತಪ್ಪಿಸಬೇಡಿ. ಚಟದ ಚಿಕಿತ್ಸೆಗೆ ಕೊಡುವ ಬುಪ್ರೆನಾರ್ಫಿನ್, ಮೆಥಡೋನ್ ಜೊತೆ ಈ ಮಾತ್ರೆಗಳಿಗೆ ಜಗಳವಿಲ್ಲ. ಡಾಕ್ಟರಿಗೆ ಹೇಳಲೇಬೇಕಾದವು: ಕ್ಷಯದ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಹೃದಯದ ಅಮಿಯೋಡರೋನ್, ಎಚ್‌ಐವಿ ಮಾತ್ರೆಗಳು. ವೆಲ್ಪಟಾಸ್‌ವಿರ್ ತೆಗೆದುಕೊಳ್ಳುವವರು ಗ್ಯಾಸ್ಟ್ರಿಕ್ ಮಾತ್ರೆಯ ವಿಷಯವನ್ನೂ ಹೇಳಬೇಕು. ಗ್ಯಾಸ್ಟ್ರಿಕ್ ಮಾತ್ರೆಯನ್ನು ನಮ್ಮವರು ಔಷಧಿಯೆಂದೇ ಲೆಕ್ಕ ಹಿಡಿಯುವುದಿಲ್ಲ, ಅದಕ್ಕೇ ಬೇರೆಯಾಗಿ ಹೇಳಿದೆ.

ಒಂದು ದಿನ ಮರೆತರೆ?

ನೆನಪಾದ ಕೂಡಲೇ ಆ ದಿನದ್ದು ತೆಗೆದುಕೊಳ್ಳಿ, ಮರುದಿನ ಎರಡು ನುಂಗಬೇಡಿ. ಒಂದೆರಡು ದಿನ ತಪ್ಪಿತೆಂದು ಕೋರ್ಸ್ ಕೈಬಿಡಬೇಡಿ, ಡಾಕ್ಟರಿಗೆ ಹೇಳಿ ಮುಂದುವರಿಸಿ.

ಗುಣವಾದ ಮೇಲೆ ಮತ್ತೆ ಬರುತ್ತಾ?

ಬರಬಹುದು. ಒಮ್ಮೆ ಬಂದುಹೋದರೆ ರಕ್ಷಣೆ ಸಿಗುವ ಕಾಯಿಲೆ ಇದಲ್ಲ, ಹೆಪಟೈಟಿಸ್ ಸಿ ತಡೆಯುವ ಲಸಿಕೆಯೂ ಇನ್ನೂ ಇಲ್ಲ. ಚಿಕಿತ್ಸೆಯ ನಂತರವೂ ಬಳಕೆ ಮುಂದುವರಿಸಿದ 100 ಜನರಲ್ಲಿ ವರ್ಷಕ್ಕೆ ಸುಮಾರು 6 ಮಂದಿಗೆ ಮತ್ತೆ ಅಂಟುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಮತ್ತೆ ಬಂದರೆ ಮತ್ತೆ ಚಿಕಿತ್ಸೆ ಮಾಡಬಹುದು.

ಮರುಸೋಂಕು ತಡೆಯಲು ದೊಡ್ಡ ಅಸ್ತ್ರ ಓಎಸ್‌ಟಿ, ಅಂದರೆ ಚುಚ್ಚಿಕೊಳ್ಳುವ ಹೆರಾಯಿನ್ ಅಥವಾ ಟ್ಯಾಪೆಂಟಡಾಲ್ ಬದಲು ಡಾಕ್ಟರ ಉಸ್ತುವಾರಿಯಲ್ಲಿ ನಾಲಿಗೆಯ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ. ಮೈಕೈ ಮುರಿದಂಥ ನೋವು, ನಡುಕ, ಬೇಧಿ ತಪ್ಪುತ್ತದೆ, ದಿನವಿಡೀ ಸರಕಿಗೆ ಅಲೆಯುವುದು ತಪ್ಪುತ್ತದೆ. ಓಎಸ್‌ಟಿ ಒಂದೇ ಹೆಪಟೈಟಿಸ್ ಸಿ ಅಪಾಯವನ್ನು ಅರ್ಧಕ್ಕಿಳಿಸುತ್ತದೆ. ಜೊತೆಗೆ ಸಾಕಷ್ಟು ಹೊಸ ಸಿರಿಂಜೂ ಸಿಕ್ಕರೆ ಮುಕ್ಕಾಲು ಭಾಗದಷ್ಟು ತಗ್ಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ.

ಹೆಪಟೈಟಿಸ್ ಬಿ ವಿಷಯ ಏನು?

ಸಿ ಗುಣವಾಗುತ್ತದೆ, ಲಸಿಕೆ ಇಲ್ಲ. ಬಿ ಇದರ ತಿರುಗುಮುರುಗು: ಲಸಿಕೆ ಇದೆ, ಬೀಡುಬಿಟ್ಟ ಮೇಲೆ ಪೂರ್ತಿ ಹೋಗುವುದು ಅಪರೂಪ. ದೇಶದ ಎಲ್ಲ ಮಕ್ಕಳಿಗೆ ಈ ಲಸಿಕೆ ಹಾಕತೊಡಗಿದ್ದು 2011ರಿಂದ. ಅದಕ್ಕಿಂತ ಮುಂಚೆ ಹುಟ್ಟಿದ ಹೆಚ್ಚಿನವರಿಗೆ ಆಗಿಲ್ಲ. ಮಾಮೂಲಿಗೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಆರು ತಿಂಗಳು ಒಂದೇ ಊರಲ್ಲಿರುತ್ತೇನೋ ಇಲ್ಲವೋ ಎನ್ನುವವರಿಗೆ ಮೊದಲ ದಿನ, 7ನೇ ದಿನ, 21ನೇ ದಿನ ಹಾಕಿ, ಒಂದು ವರ್ಷವಾದ ಮೇಲೆ ಒಂದು ಬೂಸ್ಟರ್ ಕೊಡುವ ಕ್ರಮವೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಹೊರಗೆ ಕೊಂಡರೂ ಇದು ದುಬಾರಿಯಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು.

ಬಿ ಈಗಾಗಲೇ ಬಂದಿದ್ದರೆ ಎಲ್ಲರಿಗೂ ಔಷಧ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೋಫೋವಿರ್ ಮಾತ್ರೆ, ಅದೇ ಕಾರ್ಯಕ್ರಮದಡಿ ಉಚಿತ. ಅದನ್ನು ನಿಮ್ಮಷ್ಟಕ್ಕೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಕೆರಳಿ ಲಿವರ್ ಕೈಕೊಡಬಹುದು. ಇನ್ನೊಂದು ಮುಖ್ಯ ಮಾತು: ಬಿ ಮತ್ತು ಸಿ ಎರಡೂ ಇದ್ದು ಸಿಗೆ ಮಾತ್ರ ಔಷಧ ಕೊಟ್ಟರೆ ಬಿ ತಲೆಯೆತ್ತಬಹುದು. ಸಿ ಮಾತ್ರೆ ಶುರುಮಾಡುವ ಮುನ್ನ ಬಿ ಪರೀಕ್ಷೆ ಆಗಿದೆಯೇ ಎಂದು ನೀವೇ ಕೇಳಿ.

ಕಿರುನೆಲ್ಲಿ ರಸ ಕುಡಿದರೆ ಹೋಗುತ್ತೆ ಅಂತಾರೆ. ನಮ್ಮೂರಲ್ಲಿ ಕಾಮಾಲೆಗೆ ಔಷಧಿ ಕೊಡೋರಿದ್ದಾರೆ.

ಕಿರುನೆಲ್ಲಿಯನ್ನು ವಿಜ್ಞಾನಿಗಳು ಮೂಸಿಯೂ ನೋಡಿಲ್ಲ ಎಂದುಕೊಳ್ಳಬೇಡಿ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಮದ್ರಾಸಿನ ಸಂಶೋಧಕರ ಜೊತೆ ಸೇರಿ ಅದನ್ನು ಪರೀಕ್ಷಿಸಿದ್ದರು. (ಜುಲೈ 28ರ ವಿಶ್ವ ಹೆಪಟೈಟಿಸ್ ದಿನ ಇವರ ಹುಟ್ಟುಹಬ್ಬ.) 1988ರಲ್ಲಿ ಪ್ರಕಟವಾದ ಫಲಿತಾಂಶ ಆಸೆ ಹುಟ್ಟಿಸಿತು. ಬೇರೆ ಕಡೆ ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಊರ ಔಷಧಿಗೆ ಹೆಸರು ಬಂದದ್ದಕ್ಕೆ ಕಾರಣ ಬೇರೆ. ಎ ಮತ್ತು ಇ ಕಾಮಾಲೆ ಹೇಗೂ ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ, ಕೀರ್ತಿ ಔಷಧಿ ಕೊಟ್ಟವರಿಗೆ. ಬಿ, ಸಿಗೆ ಹೀಗೆ ಕಾಯುತ್ತಾ ಕೂತರೆ ಕಳೆದುಹೋಗುವುದು ವರ್ಷಗಳು. ಕೆಲವು ಸೊಪ್ಪು, ಭಸ್ಮ ಲಿವರಿಗೇ ಕೆಟ್ಟದ್ದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಡಿಸಿಕೊಂಡವರ ಬಗ್ಗೆ ಮುಂಬೈ ವೈದ್ಯರು ವರದಿ ಮಾಡಿದ್ದಾರೆ.

ಪಥ್ಯ ಏನು?

ಉಪ್ಪು ಎಣ್ಣೆ ಬಿಟ್ಟು ಬರೀ ಗಂಜಿ ಕುಡಿಯಬೇಕಿಲ್ಲ. ಮುದ್ದೆ, ಸಾರು, ಮೊಟ್ಟೆ, ಮೀನು ಎಲ್ಲ ತಿನ್ನಿ. ಹೊಟ್ಟೆಯಲ್ಲಿ ನೀರು ತುಂಬಿರುವವರಿಗೆ ಮಾತ್ರ ಉಪ್ಪು ಕಡಿಮೆ. ರಸ್ತೆಬದಿಯ ಕಬ್ಬಿನ ಹಾಲು ಲಿವರಿಗೆ ಒಳ್ಳೆಯದೆಂಬ ನಂಬಿಕೆ ಇದೆ, ಅದರ ಐಸಿನ ನೀರು ಎಲ್ಲಿಯದೆಂದು ಯಾರಿಗೂ ಗೊತ್ತಿರುವುದಿಲ್ಲ. ಕಾಫಿ ಧಾರಾಳವಾಗಿ ಕುಡಿಯಿರಿ. ಕಾಫಿ ಕುಡಿಯುವವರ ಲಿವರ್ ಗಟ್ಟಿಯಾಗುವುದು ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಚಿಕ್ಕಮಗಳೂರಿನವರು ಖುಷಿಪಡಬಹುದು.

ನನ್ನ ಗಂಡನಿಗೆ ಹೆಪಟೈಟಿಸ್ ಸಿ. ನಾನೀಗ ಗರ್ಭಿಣಿ. ನನಗೆ, ಮಗುವಿಗೆ ಬರುತ್ತಾ?

ಮೊದಲು ನಿಮ್ಮ ರಕ್ತ ಪರೀಕ್ಷೆ ಆಗಲಿ, ಸಿ ಮತ್ತು ಬಿ ಎರಡಕ್ಕೂ. ತಟ್ಟೆ ಲೋಟ, ಅಪ್ಪುಗೆ, ಮುತ್ತು, ಒಂದೇ ಹಾಸಿಗೆ ಇವುಗಳಿಂದ ಸಿ ಬರುವುದಿಲ್ಲ. ಗಂಡ ಹೆಂಡಿರ ಸಂಬಂಧದಿಂದ ಸಿ ಹರಡುವುದು ತುಂಬ ಕಡಿಮೆ, ಬಿ ಮಾತ್ರ ಚೆನ್ನಾಗಿಯೇ ಹರಡುತ್ತದೆ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆಬೇರೆ ಇರಲಿ.

ತಾಯಿಗೆ ಸಿ ಇದ್ದರೆ ನೂರರಲ್ಲಿ ಐದಾರು ಮಕ್ಕಳಿಗೆ ಬರಬಹುದು. ಸಿ ಮಾತ್ರೆಯನ್ನು ಸಾಮಾನ್ಯವಾಗಿ ಹೆರಿಗೆಯ ನಂತರ ಕೊಡುತ್ತಾರೆ. ಎದೆಹಾಲು ಕುಡಿಸಬಹುದು, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾಯುವ ತನಕ ಬೇಡ. ತಾಯಿಗೆ ಬಿ ಇದ್ದರೆ ಗಡಿಯಾರ ನೋಡಬೇಕು: ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಲೇಬೇಕು, ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್. ಹೆರಿಗೆ ಎಲ್ಲಿ ಎಂದು ಗೊತ್ತಾದ ದಿನವೇ ಅಲ್ಲಿ ಹೇಳಿಡಿ.

ಮಗನ ರೂಮಿನಲ್ಲಿ ಸಿರಿಂಜ್ ಸಿಕ್ಕಿತು. ಏನು ಮಾಡಲಿ?

ಸಿರಿಂಜ್ ಎಸೆದು, ಫೋನ್ ಕಸಿದು, ರೂಮಿಗೆ ಬೀಗ ಹಾಕುವುದು ತಾಯಿತಂದೆಯರಿಗೆ ಮೊದಲು ತೋಚುವುದು. ಅದರಿಂದ ಅವನು ಹೊರಗೆ, ಬೇರೆಯವರ ಸಿರಿಂಜಿನಲ್ಲಿ ಹಾಕಿಕೊಳ್ಳುತ್ತಾನೆ. ಕೋಪ ಇಳಿದ ಮೇಲೆ, ಅವನು ನಿಶೆಯಲ್ಲಿ ಇಲ್ಲದ ಹೊತ್ತು ನೋಡಿ, ‘ರಕ್ತ ಪರೀಕ್ಷೆಗೆ ಹೋಗೋಣ, ನಾನೂ ಬರ್ತೀನಿ’ ಎನ್ನಿ. ಚಟ ಬಿಡಿಸುವ ಮಾತಿಗಿಂತ ಪರೀಕ್ಷೆಯ ಮಾತಿಗೆ ಹುಡುಗರು ಬೇಗ ಒಪ್ಪುತ್ತಾರೆ. ಅಲ್ಲಿಗೆ ಹೋದ ಮೇಲೆ ಉಳಿದದ್ದನ್ನು ಕೌನ್ಸೆಲರ್ ನೋಡಿಕೊಳ್ಳುತ್ತಾರೆ. ವ್ಯಸನದ ಬಗ್ಗೆ 14446, ಮನಸ್ಸಿನ ತೊಳಲಾಟಕ್ಕೆ 14416, ಎರಡೂ ಉಚಿತ ಸಹಾಯವಾಣಿ. ಕಟ್ಟಿಹಾಕಿ ಹೊಡೆದು ಬಿಡಿಸುವ ‘ಸೆಂಟರ್’ಗಳಿಗೆ ಸೇರಿಸಬೇಡಿ.

ಆಸ್ಪತ್ರೆಯಲ್ಲಿ ನಿಜ ಹೇಳಿದರೆ ಪೊಲೀಸರಿಗೆ ತಿಳಿಸ್ತಾರಾ?

ಹೆಪಟೈಟಿಸ್ ಪರೀಕ್ಷೆಗೆ ಬಂದವರು ಚುಚ್ಚಿಕೊಳ್ಳುತ್ತೇನೆ ಎಂದು ಹೇಳಿದ್ದು ಡಾಕ್ಟರ್ ಮತ್ತು ರೋಗಿಯ ನಡುವಿನ ಮಾತು. ಪ್ರಜ್ಞೆ ತಪ್ಪಿ ಓವರ್‌ಡೋಸ್ ಎಂದು ತಂದಾಗ ಆಸ್ಪತ್ರೆ ಪೊಲೀಸರಿಗೆ ತಿಳಿಸುವುದುಂಟು, ಅದು ಬೇರೆ ಸಂದರ್ಭ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಸೇವನೆಯೂ ಅಪರಾಧವೇ. ಆದರೆ ಅದೇ ಕಾಯ್ದೆಯ 64-ಎ ಸೆಕ್ಷನ್, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ತಿ ಮಾಡಿದರೆ ವಿಚಾರಣೆಯಿಂದ ವಿನಾಯಿತಿ ಕೊಡುತ್ತದೆ.

ಕೌಂಟರಿನಲ್ಲಿ ಏನಂತ ಕೇಳಲಿ? ಹಿಂದೆ ಹತ್ತು ಜನ ನಿಂತಿರ್ತಾರೆ.

‘ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಬೇಕು, ಎಲ್ಲಿ?’ ಇಷ್ಟು ಸಾಕು. ಕಾರಣ ಕೇಳಿದರೆ ‘ಡಾಕ್ಟರಿಗೆ ಹೇಳ್ತೀನಿ’ ಎನ್ನಿ. ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ನಿಮ್ಮ ಜಿಲ್ಲೆಯಲ್ಲಿ ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಎಲ್ಲಿದೆ ಎಂದು 104ಕ್ಕೆ ಫೋನ್ ಮಾಡಿ ವಿಚಾರಿಸಿ. ಹೋಗುವಾಗ ಗುರುತಿನ ಚೀಟಿ, ಹಳೆಯ ವರದಿಗಳಿದ್ದರೆ ಅವು, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ. ವರದಿಗೆ ಇನ್ನೊಂದು ದಿನ ಬಾ ಎಂದರೆ ಯಾವ ದಿನ, ಎಷ್ಟನೇ ನಂಬರ್ ಕೊಠಡಿ ಎಂದು ಚೀಟಿಯ ಹಿಂದೆ ಬರೆಸಿಕೊಳ್ಳಿ.